ನಕ್ಷೆಯಲ್ಲಿ ನಮ್ಮೂರು ಹಸಿರು, ಊರಿನಲ್ಲಿ ಟ್ಯಾಂಕರ್ ನೀರು: ಈ ತಂತ್ರಾಂಶಕ್ಕೆ ಏನು ಹೇಳಬೇಕು?

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಕಳೆದ ವಾರ ಒಂದು ಸಲಹಾ ಸಂಸ್ಥೆಯ ಇಬ್ಬರು ಹುಡುಗರು ಲ್ಯಾಪ್‌ಟಾಪ್ ಹಿಡಿದು ನಮ್ಮ ಪಂಚಾಯಿತಿಗೆ ಬಂದಿದ್ದರು. ಬರ, ನೆರೆ, ಸಿಡಿಲು ಇವುಗಳಿಗೆ ಯಾವ ಊರು ಎಷ್ಟು ಸಿಕ್ಕಿಬೀಳುತ್ತದೆ, ಯಾವ ಊರಿಗೆ ಮೊದಲು ಕೆಲಸ ಕೊಡಬೇಕು ಎಂದು ತಿಳಿಸುವ ತಂತ್ರಾಂಶ ತಮ್ಮದು ಎಂದರು. ಗೋಡೆಯ ಮೇಲೆ ನಕ್ಷೆ ಮೂಡಿತು. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ನಡುಮಧ್ಯ, ಹಸಿರು ಎಂದರೆ ಚಿಂತೆಯಿಲ್ಲ. ನಮ್ಮ ಊರು ಅಚ್ಚ ಹಸಿರು.

ಸಭೆಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 2024ರ ಏಪ್ರಿಲ್‌ನಲ್ಲಿ ನಾವು ಟ್ಯಾಂಕರ್ ನೀರು ಕುಡಿದವರು. ರಾತ್ರಿ ಎರಡು ಗಂಟೆಗೆ ಹಾರ್ನ್ ಕೇಳಿದರೂ ಎದ್ದು ಓಡಬೇಕಿತ್ತು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯ ಬಿಂದಿಗೆಯೂ ಒಂದೇ ಬಣ್ಣದ ಪ್ಲಾಸ್ಟಿಕ್ ಆದದ್ದರಿಂದ ಕಂಠಕ್ಕೆ ಬೇರೆ ಬೇರೆ ಸೀರೆಯ ಅಂಚು ಕಟ್ಟಿ ಗುರುತು ಮಾಡಿಕೊಂಡಿದ್ದೆವು. ಆ ಅಂಚುಗಳು ಇನ್ನೂ ಬಿಂದಿಗೆಗಳ ಮೇಲಿವೆ.

ಹುಡುಗರನ್ನು ಕೇಳಿದೆ. ‘ಮೇಡಂ, ದತ್ತಾಂಶ ಹಾಗೆ ಹೇಳುತ್ತದೆ’ ಎಂದರು. ಮುಂದಿನ ಗ್ರಾಮ ಸಭೆಯಲ್ಲಿ ಈ ನಕ್ಷೆಗೆ ಒಪ್ಪಿಗೆ ಕೊಡಬೇಕಂತೆ. ಕೊಡಬೇಕೇ, ಬೇಡವೇ? ಬೇಡವೆಂದರೆ ಏನು ಕಾರಣ ಬರೆಯಬೇಕು? ತಿಳಿದವರು ಹೇಳಿ.

ಕೋಟೆಯ ಕಲ್ಲು (ಚಿತ್ರದುರ್ಗ)

ಕೊಡಬೇಡಿ. ಹರಿದು ಹಾಕಿ.

ನಕ್ಷೆಗಾರ (ದಾವಣಗೆರೆ)

ಅಕ್ಕ, ದುಡುಕಬೇಡಿ. ನಾನು ಹತ್ತು ವರ್ಷದಿಂದ ಇಂತಹ ನಕ್ಷೆಗಳನ್ನೇ ಮಾಡುತ್ತಿದ್ದೇನೆ. ಹಸಿರು, ಕೆಂಪು ಎನ್ನುವುದು ಉಪಗ್ರಹ ತೆಗೆದ ಫೋಟೊ ಅಲ್ಲ. ಅದೊಂದು ಕೂಡುವ ಲೆಕ್ಕ. ಐದಾರು ಮಾನದಂಡಗಳನ್ನು ತೆಗೆದುಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಇಷ್ಟು ತೂಕ ಎಂದು ಯಾರೋ ಕುಳಿತು ನಿಗದಿ ಮಾಡಿರುತ್ತಾರೆ. ಅಂಕ ಕೂಡಿಸಿ ಬಣ್ಣ ಹಚ್ಚುತ್ತಾರೆ. ಮಾನದಂಡ ತಪ್ಪಿದರೆ ಬಣ್ಣವೂ ತಪ್ಪುತ್ತದೆ.

ಆದ್ದರಿಂದ ನಾಲ್ಕು ಪ್ರಶ್ನೆ ಕೇಳಿ. ಯಾವ ಯಾವ ಮಾನದಂಡ? ಪ್ರತಿಯೊಂದರ ತೂಕ ಎಷ್ಟು, ಅದನ್ನು ನಿಗದಿ ಮಾಡಿದವರು ಯಾರು? ಅಂಕಿ ಯಾವ ವರ್ಷದ್ದು, ಯಾವ ತಿಂಗಳಿನದು? ಆ ಅಂಕಿ ಊರಿನದೋ, ಹೋಬಳಿಯದೋ, ತಾಲ್ಲೂಕಿನದೋ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿ ಮಾತು ಬೇಡ.

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಅಣ್ಣ, ಅವರು ಬಿಟ್ಟುಹೋದ ಹಾಳೆ ನನ್ನ ಹತ್ತಿರ ಇದೆ. ಮಳೆ ಕೊರತೆ, ಕೊಳವೆ ಬಾವಿಗಳ ಸಂಖ್ಯೆ, ಕೆರೆಗೆ ಇರುವ ದೂರ, ಡಾಂಬರು ರಸ್ತೆಗೆ ಇರುವ ದೂರ. ಇಷ್ಟೇ. ಕೊಳವೆ ಬಾವಿ ಹದಿನಾಲ್ಕು ಎಂದು ಬರೆದಿದ್ದಾರೆ. ಕೆರೆ ಅರ್ಧ ಕಿಲೋಮೀಟರ್, ರಸ್ತೆ ಊರೊಳಗೇ ಇದೆ.

ನಕ್ಷೆಗಾರ (ದಾವಣಗೆರೆ)

ಹದಿನಾಲ್ಕರಲ್ಲಿ ಎಷ್ಟು ನೀರು ಕೊಡುತ್ತವೆ?

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಆ ಏಪ್ರಿಲ್‌ನಲ್ಲಿ ಮೂರು. ಉಳಿದ ಹನ್ನೊಂದರ ಕೇಸಿಂಗ್ ಪೈಪಿಗೆ ಕಲ್ಲು ಮುಚ್ಚಿದೆ. ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ನಕ್ಷೆಗಾರ (ದಾವಣಗೆರೆ)

ಸಿಕ್ಕಿತಲ್ಲ. ಅವರು ತೂತು ಎಣಿಸಿದ್ದಾರೆ, ನೀರು ಎಣಿಸಿಲ್ಲ. ನೀವು ನೀರು ಹುಡುಕಿ ಹುಡುಕಿ ಕೊರೆಸಿದಷ್ಟೂ ಈ ಲೆಕ್ಕದಲ್ಲಿ ಊರು ಹಸಿರಾಗುತ್ತಾ ಹೋಗುತ್ತದೆ. ಒಣಗಿದ ಕೆರೆಯೂ ಹತ್ತಿರವಿದ್ದರೆ ಅಂಕ ಕೊಡುತ್ತದೆ. ಇದನ್ನೇ ಬರೆದುಕೊಡಿ, ಯಾವ ಎಂಜಿನಿಯರೂ ಇಲ್ಲ ಎನ್ನಲಾರ.

ತಾಂಡಾದ ಹುಡುಗ (ಜಗಳೂರು ಕಡೆ)

ಇನ್ನೊಂದು ಕೇಳಿ ಅಕ್ಕ. ಆ ನಕ್ಷೆಯಲ್ಲಿ ನಿಮ್ಮ ಊರಿನ ಗೊಲ್ಲರಹಟ್ಟಿ, ತಾಂಡಾ ಇವೆಯೇ? ನಮ್ಮದು ಕಂದಾಯ ಗ್ರಾಮ ಆಗುವವರೆಗೆ ಎಲ್ಲ ಕಾಗದದಲ್ಲೂ ಎರಡು ಕಿಲೋಮೀಟರ್ ಆಚೆಯ ದೊಡ್ಡ ಊರಿನೊಳಗೆ ಸೇರಿತ್ತು. ದೊಡ್ಡ ಊರಿಗೆ ನೀರಿದ್ದರೆ ನಮಗೂ ಇದೆ ಎಂದು ಲೆಕ್ಕ. ನಮ್ಮ ತಾಯಿ ತಲೆಯ ಮೇಲೆ ಎರಡು ಬಿಂದಿಗೆ ಇಟ್ಟುಕೊಂಡು ಆ ಲೆಕ್ಕದ ಮೇಲೆಯೇ ದಿನಾ ನಡೆದರು.

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಇಲ್ಲ ತಮ್ಮಾ. ಹಟ್ಟಿ ಬೇರೆಯಾಗಿ ಇಲ್ಲವೇ ಇಲ್ಲ. ನಾನು ಗಮನಿಸಿಯೇ ಇರಲಿಲ್ಲ, ಅದು ನನ್ನದೇ ವಾರ್ಡು.

ಕೋಟೆಯ ಕಲ್ಲು (ಚಿತ್ರದುರ್ಗ)

ಅದಕ್ಕೇ ಹೇಳಿದ್ದು, ಹರಿದು ಹಾಕಿ ಎಂದು. ಬೇಸರದಿಂದಲೇ ಹೇಳುತ್ತಿದ್ದೇನೆ. ನಮ್ಮ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ. ಬಂಡೆಯ ಮೇಲೆ ಬಿದ್ದ ಒಂದು ಹನಿಯೂ ವ್ಯರ್ಥವಾಗಬಾರದೆಂದು ಕಟ್ಟಿದವರಿಗೆ ಯಾವ ತಂತ್ರಾಂಶ ಇತ್ತು? ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದರು, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದರು. ಬುಟ್ಟಿ ಮಣ್ಣು ಹೊತ್ತವನಿಗೆ ಅಷ್ಟಕ್ಕಷ್ಟೇ ಕೂಲಿ. ಆ ಕೆರೆಗಳ ಹೂಳು ತೆಗೆಸಿ, ಏರಿ ಭದ್ರ ಮಾಡಿ, ತೂಬು ರಿಪೇರಿ ಮಾಡಿಸಿ. ನಮ್ಮ ಹಿರಿಯರ ನೆನಪೇ ನಮಗೆ ನಕ್ಷೆ.

ಹಿರಿಯೂರು ತೆಂಗು

ನೆನಪು ನೆನಪು ಎನ್ನುತ್ತೀರಲ್ಲ ಅಣ್ಣಾ, ನೆನಪು ಕೈಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ವಾಣಿ ವಿಲಾಸ ಸಾಗರ ಅಣೆಕಟ್ಟೆ 1907ರಲ್ಲಿ ಮುಗಿಯಿತು. ತುಂಬಿದರೆ 130 ಅಡಿ, 30 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ! ಕೋಡಿ ನೀರು ಹರಿದದ್ದನ್ನು ನೋಡಿದ ಒಬ್ಬ ಮುದುಕನೂ ಊರಿನಲ್ಲಿ ಉಳಿದಿರಲಿಲ್ಲ. ಕೋಡಿಹಳ್ಳ ಎಂಬ ಹೆಸರಿತ್ತು, ಹಳ್ಳ ಇರಲಿಲ್ಲ. ನಮ್ಮ ಮಾವ ಅದರೊಳಗೇ ತೆಂಗು ಹಾಕಿದ್ದರು, ಪಂಪ್‌ಹೌಸ್ ಕಟ್ಟಿಸಿದ್ದರು, ‘ಇಲ್ಲಿ ನೀರು ಬರುವುದುಂಟೇ’ ಎನ್ನುತ್ತಿದ್ದರು. ಬಂತು. ಪಂಪ್‌ಹೌಸಿನ ಬಾಗಿಲು ಎಲ್ಲಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಮತ್ತೆ 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬಿತ್ತು. 89 ವರ್ಷ ಬಾರದ್ದು ಎರಡೂವರೆ ವರ್ಷದಲ್ಲಿ ಮತ್ತೆ ಬಂತು. ಇದಕ್ಕೆ ಅಜ್ಜನ ನೆನಪು ಸಾಲದು. ಜಾಗದ ಎತ್ತರ ತಗ್ಗು ತೋರಿಸುವ ನಕ್ಷೆ ಬೇಕು. ಇಷ್ಟು ನೀರು ಬಂದರೆ ಇಲ್ಲಿಯವರೆಗೆ ಹರಡುತ್ತದೆ ಎಂದು ಗೆರೆ ಎಳೆದು ತೋರಿಸುವುದು ಲೆಕ್ಕವೇ.

ಕೋಟೆಯ ಕಲ್ಲು (ಚಿತ್ರದುರ್ಗ)

ಒಪ್ಪಿದೆ, ಕೋಡಿಹಳ್ಳದ ಮಾತು ಸರಿ. ಆದರೆ ಆ ಹಳ್ಳ ಮುಚ್ಚಿಹೋದದ್ದು ನೆನಪಿನ ತಪ್ಪಲ್ಲ, ಒತ್ತುವರಿಯ ತಪ್ಪು. ಸರ್ವೆ ನಕ್ಷೆಯಲ್ಲಿ ಹಳ್ಳ ಇತ್ತಲ್ಲ? ಹಳೆಯ ನಕ್ಷೆಯನ್ನೇ ಓದದವರು ಹೊಸದನ್ನು ಓದುತ್ತಾರೆಯೇ?

ಹಿರಿಯೂರು ತೆಂಗು

ಅದು ನ್ಯಾಯವಾದ ಮಾತು. ಉತ್ತರವಿಲ್ಲ.

ಬೆಣ್ಣೆನಗರಿ (ದಾವಣಗೆರೆ)

ದಾವಣಗೆರೆ ಜಿಲ್ಲೆಯ ಹರಪನಹಳ್ಳಿ ಕಡೆ ಕೂಡ ಇದೇ ತಂಡ ಬಂದಿತ್ತು ಅನ್ನಿಸುತ್ತದೆ.

ನಿವೃತ್ತ ಗುಮಾಸ್ತ (ಜಗಳೂರು)

ಹರಪನಹಳ್ಳಿ ಈಗ ನಮ್ಮ ಜಿಲ್ಲೆಯಲ್ಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಂತು, 2018ರಲ್ಲಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ.

ಕಂದಾಯ ಇಲಾಖೆಯಲ್ಲಿ ಬರದ ಕಡತಗಳನ್ನು ವರ್ಷಗಟ್ಟಲೆ ನೋಡಿದವನು ನಾನು. ಈ ಎಳೆಯಲ್ಲಿ ಎರಡು ಬೇರೆ ವಿಷಯ ಕಲಸಿಹೋಗಿವೆ, ಬಿಡಿಸಿ ಹೇಳುತ್ತೇನೆ.

ಬರ ಘೋಷಣೆಗೆ ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ ಇದೆ. ಅದೂ ಒಂದು ನಿರ್ಧಾರದ ಸಾಧನವೇ, ಕಂಪ್ಯೂಟರಿನಲ್ಲಿರುವುದೇ ಸಾಧನ ಎಂದೇನಿಲ್ಲ. ಮೊದಲು ಮಳೆ ಕೊರತೆ, ಮೂರು ನಾಲ್ಕು ವಾರದ ಒಣಹವೆ ನೋಡುತ್ತಾರೆ. ಅಲ್ಲಿ ಸಿಕ್ಕಿಬಿದ್ದ ತಾಲ್ಲೂಕಿಗೆ ಎರಡನೆಯ ಜರಡಿ: ಬಿತ್ತನೆಯ ವಿಸ್ತೀರ್ಣ, ಉಪಗ್ರಹದಿಂದ ಕಾಣುವ ಪೈರಿನ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ. ಕೊನೆಗೆ ನೂರಕ್ಕೆ ಹತ್ತು ಊರುಗಳಿಗೆ ಹೋಗಿ ಹೊಲ ನೋಡಿ ಬರಬೇಕು. 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಮೊದಲ ಪಟ್ಟಿಯಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದಿತು. ಆಮೇಲೆ ಪಟ್ಟಿ ಬೆಳೆದು 236ರಲ್ಲಿ 223 ಆಯಿತು. ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು, ಹಣ ಬಂದದ್ದು 2024ರ ಏಪ್ರಿಲ್ ಕೊನೆಗೆ. ಅಂದರೆ ಘೋಷಣೆಯ ಸಾಧನ ಅಷ್ಟು ಹೊತ್ತಿಗೆ ಕೆಲಸ ಮಾಡಿತ್ತು, ಆದರೆ ತಂಗಿಯ ಊರಿನ ಬಿಂದಿಗೆ ತುಂಬಿಸಲಿಲ್ಲ.

ಏಕೆಂದರೆ ಅದು ತಾಲ್ಲೂಕನ್ನು ನೋಡುತ್ತದೆ, ಬೆಳೆಯನ್ನು ನೋಡುತ್ತದೆ. ಊರಿನ ಕುಡಿಯುವ ನೀರು ಯಾವ ವಾರ ನಿಲ್ಲುತ್ತದೆ ಎಂದು ತಿಳಿಸುವುದು ಬೇರೆಯೇ ಸಾಧನ. ಅದನ್ನು ಊರೇ ಇಟ್ಟುಕೊಳ್ಳಬೇಕು.

ಬೆಣ್ಣೆನಗರಿ (ದಾವಣಗೆರೆ)

ತಿದ್ದಿದ್ದಕ್ಕೆ ಧನ್ಯವಾದ ಸರ್. ನಮ್ಮಜ್ಜಿಯ ತವರು ಹರಪನಹಳ್ಳಿ, ಬಾಯಿಗೆ ಹಾಗೇ ಬರುತ್ತದೆ. ಈ ಮಳೆಯ ಅಂಕಿ ಎಲ್ಲಿಂದ ಬರುತ್ತದೆ?

ಅಡಿಕೆ ತೋಟ (ಚನ್ನಗಿರಿ)

ನಾನು ಹೇಳುತ್ತೇನೆ, ನನಗೆ ಇದರಿಂದ ಹೊಟ್ಟೆ ಉರಿದಿದೆ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ತಾನಾಗಿ ಬೆಂಗಳೂರಿಗೆ ಹೋಗುತ್ತದೆ. ದೇಶದಲ್ಲಿ ಇಷ್ಟು ಒತ್ತಾಗಿ ಮಳೆ ಅಳೆಯುವ ರಾಜ್ಯಗಳು ಕಡಿಮೆ, ಅದಕ್ಕೆ ಹೆಮ್ಮೆ ಇದೆ. ನಮ್ಮ ಅಡಿಕೆಯ ಹವಾಮಾನ ಆಧಾರಿತ ವಿಮೆಯೂ ಇದೇ ಅಂಕಿಯ ಮೇಲೆ ನಿಂತಿದೆ.

ಆ ಡಬ್ಬಿಯೊಳಗೆ ಏನಿದೆ ಗೊತ್ತೇ? ಮೇಲೆ ಆಲಿಕೆ. ಕೆಳಗೆ ಮಕ್ಕಳ ಏತಮಣೆಯಂತೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಅದು ಬಾಗಿ ಚೆಲ್ಲುತ್ತದೆ, ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ಬಾಗಿತು ಎಂಬುದೇ ಮಳೆಯ ಲೆಕ್ಕ. ಆಲಿಕೆಯ ಬಾಯಿಗೆ ಒಂದು ಬೇವಿನ ಎಲೆ ಅಂಟಿಕೊಂಡರೆ ಸಾಕು, ಹೊರಗೆ ಧೋ ಎಂದು ಸುರಿದರೂ ಒಳಗೆ ತೊಟ್ಟು ತೊಟ್ಟು. ಒಂದು ವರ್ಷ ನಮ್ಮ ತೋಟಕ್ಕೆ ಕೊಳೆ ರೋಗ ಬಂದು ಕಾಯಿ ಉದುರಿ ನೆಲ ಮುಚ್ಚಿತ್ತು, ವಿಮೆಯವರು ‘ನಿಮ್ಮ ಪಂಚಾಯಿತಿಯಲ್ಲಿ ಅಷ್ಟು ಮಳೆಯೇ ಆಗಿಲ್ಲ’ ಎಂದರು. ಹೋಗಿ ನೋಡಿದರೆ ಮಾಪಕದ ಮೇಲೆ ಮರದ ಕೊಂಬೆ ಚಾಚಿತ್ತು, ಆಲಿಕೆಯಲ್ಲಿ ಹಕ್ಕಿ ಗೂಡಿನ ಕಡ್ಡಿ. ಮುಂದಿನ ವರ್ಷದಿಂದ ನಾನೇ ಮಳೆಗಾಲಕ್ಕೆ ಮೊದಲು ಪಂಚಾಯಿತಿಯವರನ್ನು ಕರೆದುಕೊಂಡು ಹೋಗಿ ಕೊಂಬೆ ಕಡಿಸುತ್ತೇನೆ, ಫೋಟೊ ತೆಗೆದು ದಿನಾಂಕ ಬರೆದಿಡುತ್ತೇನೆ.

ನಕ್ಷೆಗಾರ (ದಾವಣಗೆರೆ)

ಬಹಳ ಮುಖ್ಯವಾದ ಮಾತು. ನಾವು ಕಚೇರಿಯಲ್ಲಿ ಕುಳಿತವರು ‘ಶೂನ್ಯ’ ಎಂಬ ಅಂಕಿ ನೋಡುತ್ತೇವೆ. ಮಳೆ ಬಾರದ ಶೂನ್ಯವೋ ಎಲೆ ಕಟ್ಟಿಕೊಂಡ ಶೂನ್ಯವೋ ಪರದೆಯ ಮೇಲೆ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಮಾಪಕಗಳ ಜೊತೆ ಹೋಲಿಸಿ ಅನುಮಾನ ಪಡಬಹುದು, ಅಷ್ಟೇ. ಆದರೆ ಒಂದು ಎಚ್ಚರಿಕೆ: ಮಾಪಕವನ್ನು ಬೇರೆ ಯಾರೂ ಬಿಚ್ಚಬಾರದು. ಸುತ್ತಲಿನ ಕೊಂಬೆ ಕಡಿಸುವವರೆಗೆ ಸರಿ, ಒಳಗಿನದಕ್ಕೆ ಉಸ್ತುವಾರಿ ಕೇಂದ್ರದವರಿಗೇ ದೂರು ಕೊಡಬೇಕು.

ಅಡಿಕೆ ತೋಟ (ಚನ್ನಗಿರಿ)

ಬಿಚ್ಚಿಲ್ಲ ಸರ್, ದೂರು ಕೊಟ್ಟೇ ಸರಿಪಡಿಸಿಕೊಂಡದ್ದು.

ಹೊಳೆದಂಡೆ (ಹೊನ್ನಾಳಿ)

ನೀವೆಲ್ಲ ನೀರಿಲ್ಲದ ಊರಿನವರು, ನಮಗೆ ನೀರು ಬಂದರೆ ಭಯ. ಬಾಲರಾಜ್ ಘಾಟ್‌ನ ಹತ್ತಿರ ನಮ್ಮ ಸಂಬಂಧಿಕರ ಮನೆ. ತುಂಗಭದ್ರೆ ಏರಿದ ವರ್ಷವೆಲ್ಲ ಅಲ್ಲಿ ಪಾತ್ರೆ ಪಡಗ ಎತ್ತಿಕೊಂಡು ಹೊರಡುವುದೇ. ‘ಭದ್ರಾ ಡ್ಯಾಂ ಇನ್ನೂ ತುಂಬಿಲ್ಲ, ಹೆದರಬೇಡಿ’ ಎಂದು ಒಬ್ಬರು ಮೊಬೈಲ್ ನೋಡಿ ಹೇಳುತ್ತಾರೆ, ಮಾರನೆಯ ದಿನ ಮೆಟ್ಟಿಲಿಗೆ ನೀರು.

ನಕ್ಷೆಗಾರ (ದಾವಣಗೆರೆ)

ಅದು ತಪ್ಪು ಅಣೆಕಟ್ಟೆ ನೋಡಿದ ಫಲ. ಭದ್ರಾ 71 ಟಿಎಂಸಿಗೂ ಮೇಲೆ ಹಿಡಿದಿಟ್ಟುಕೊಳ್ಳುತ್ತದೆ, 186 ಅಡಿ ತುಂಬುವವರೆಗೆ ನದಿಗೆ ಹೆಚ್ಚು ಬಿಡುವುದಿಲ್ಲ. ಗಾಜನೂರಿನ ತುಂಗಾ ಅಣೆಕಟ್ಟೆ ಹಿಡಿಯುವುದು ಬರೀ ಮೂರು ಟಿಎಂಸಿ ಚಿಲ್ಲರೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದೆಲ್ಲ ಅದರ ಮೇಲೆ ಹಾದು ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ ನೇರವಾಗಿ ನಿಮ್ಮ ಹೊನ್ನಾಳಿಗೆ, ಹರಿಹರಕ್ಕೆ. ಜುಲೈ ತಿಂಗಳಿನಲ್ಲಿ ನೋಡಬೇಕಾದದ್ದು ಗಾಜನೂರಿನ ಹೊರಹರಿವು. ಎರಡೂ ಒಟ್ಟಿಗೆ ಬಿಟ್ಟರೆ ಕೇಳಲೇಬೇಡಿ. ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಆ್ಯಪ್ 2023ರಲ್ಲಿ ಬಂದಿದೆ, ನದಿಯ ಮಟ್ಟ ಅದರಲ್ಲಿ ಸಿಗುತ್ತದೆ.

ಹೊಳೆದಂಡೆ (ಹೊನ್ನಾಳಿ)

ಸಿಗುತ್ತದೆ ತಮ್ಮಾ, ನನ್ನ ಮಗಳು ತೋರಿಸಿದ್ದಾಳೆ. ಅದರಲ್ಲಿ ‘ಇಷ್ಟು ಮೀಟರ್’ ಎಂದಿರುತ್ತದೆ. ಸಮುದ್ರ ಮಟ್ಟದಿಂದಂತೆ! ನಮ್ಮತ್ತೆಗೆ ಅದರಿಂದ ಏನು ತಿಳಿಯಬೇಕು? ಅವರಿಗೆ ತಿಳಿಯುವುದು ಒಂದೇ: ಘಾಟಿನ ಎಷ್ಟನೆಯ ಮೆಟ್ಟಿಲು ಮುಳುಗಿದೆ. ಹೋದ ವರ್ಷ ನಾವು ಹೆಂಗಸರು ಸೇರಿ ಒಂದು ಕೆಲಸ ಮಾಡಿದೆವು. ಹಳೆಯ ಗೋಡೆಯ ಮೇಲೆ 2019ರ ಆಗಸ್ಟ್ ನೆರೆಯ ಕೆಸರಿನ ಗೆರೆ ಇನ್ನೂ ಇತ್ತು. ಅದರ ಮೇಲೆ ಕೆಂಪು ಬಣ್ಣ ಬಳಿದೆವು. ಅದಕ್ಕಿಂತ ಎರಡು ಮೊಳ ಕೆಳಗೆ ಹಳದಿ, ಮೆಟ್ಟಿಲ ಬುಡದಲ್ಲಿ ಬಿಳಿ. ಬಿಳಿ ಗೆರೆಗೆ ನೀರು ಮುಟ್ಟಿದರೆ ರೇಷನ್ ಕಾರ್ಡು, ಮಾತ್ರೆ, ಮಕ್ಕಳ ಪುಸ್ತಕ ಚೀಲಕ್ಕೆ. ಹಳದಿಗೆ ಬಂದರೆ ದನ ಬಿಚ್ಚಿ ಮೇಲಿನ ಬೀದಿಗೆ, ಮುದುಕರನ್ನು ಕರೆದುಕೊಂಡು ಕಾಳಜಿ ಕೇಂದ್ರಕ್ಕೆ. ಕೆಂಪಿಗೆ ಬರುವಷ್ಟರಲ್ಲಿ ಅಲ್ಲಿ ಒಂದು ನರಪಿಳ್ಳೆ ಇರಬಾರದು. ಯಾರನ್ನೂ ಕೇಳಬೇಕಾಗಿಲ್ಲ, ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ.

ನಿವೃತ್ತ ಗುಮಾಸ್ತ (ಜಗಳೂರು)

ತಾಯಿ, ನೀವು ಮಾಡಿದ್ದು ಜಿಲ್ಲಾ ವಿಪತ್ತು ಯೋಜನೆಯ ದಪ್ಪ ಪುಸ್ತಕದಲ್ಲಿ ಇರಬೇಕಾದ ಸಾಲು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಪ್ರತಿ ಜಿಲ್ಲೆಗೂ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಪ್ರತಿ ವರ್ಷ ಯೋಜನೆ ಪರಿಷ್ಕರಣೆ. ನಾನು ಟೈಪ್ ಮಾಡಿಸಿದ ಯೋಜನೆಗಳಲ್ಲಿ ದೂರವಾಣಿ ಸಂಖ್ಯೆಗಳು, ದೋಣಿಗಳ ಪಟ್ಟಿ ಎಲ್ಲ ಇರುತ್ತಿದ್ದವು. ‘ನೀರು ಇಲ್ಲಿಗೆ ಬಂದರೆ ಇಂಥವರು ಇದನ್ನು ಮಾಡುತ್ತಾರೆ’ ಎಂಬ ವಾಕ್ಯ ಮಾತ್ರ ಅಪರೂಪ.

ಅಂಗನವಾಡಿ ಟೀಚರ್ (ಹರಿಹರ)

ಹೊನ್ನಾಳಿ ಅಕ್ಕನ ಗೆರೆಗೆ ನನ್ನದೊಂದು ಸೇರಿಸುತ್ತೇನೆ. ನಮ್ಮ ಗಂಗಾನಗರಕ್ಕೂ ಹೊಳೆ ನುಗ್ಗುತ್ತದೆ. ಯಾರನ್ನು ಮೊದಲು ಕರೆದೊಯ್ಯಬೇಕು ಎಂದು ಪ್ರತಿ ಸಲ ಗಲಾಟೆ. ನನ್ನ ಪುಸ್ತಕದಲ್ಲಿ ಗರ್ಭಿಣಿಯರು, ಬಾಣಂತಿಯರು, ಆರು ತಿಂಗಳೊಳಗಿನ ಕೂಸುಗಳು ಎಲ್ಲ ಇದ್ದಾರೆ, ಏಕೆಂದರೆ ಅದು ನನ್ನ ದಿನದ ಕೆಲಸ. ಆಶಾ ಕಾರ್ಯಕರ್ತೆಯ ಹತ್ತಿರ ಸಕ್ಕರೆ ಕಾಯಿಲೆಯವರು, ಹಾಸಿಗೆ ಹಿಡಿದವರು ಇದ್ದಾರೆ. ಎರಡನ್ನೂ ಒಂದೇ ಹಾಳೆಗೆ ಇಳಿಸಿದೆವು. ಹಾಳೆಯ ಬಲಗಡೆ ಒಂದು ಕಲಂ: ಯಾರು ಎತ್ತಿಕೊಂಡು ಹೋಗುತ್ತಾರೆ. ಎದುರು ಮನೆಯ ಹುಡುಗನ ಹೆಸರನ್ನು ಅವನನ್ನು ಕೇಳಿಯೇ ಬರೆದೆವು. ಮೂರು ತಿಂಗಳಿಗೊಮ್ಮೆ ತಿದ್ದುತ್ತೇವೆ, ಕೂಸು ಹುಟ್ಟುತ್ತಲೇ ಇರುತ್ತವಲ್ಲ. ಯಾವ ತಂತ್ರಾಂಶ ಬಂದರೂ ಈ ಹಾಳೆಯನ್ನು ಕೇಳಿಯೇ ಕೇಳುತ್ತದೆ.

ಆದರೆ ಒಂದು ಮಾತು. ಈ ಹಾಳೆಯನ್ನು ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಡಿ. ಮನೆಯವರ ಕಾಯಿಲೆ ಊರಿನ ಗುಂಪಿನಲ್ಲಿ ಓಡಾಡಬಾರದು.

ಬೆಣ್ಣೆನಗರಿ (ದಾವಣಗೆರೆ)

ಟೀಚರಮ್ಮನವರೇ, ಕೊನೆಯ ಮಾತು ನೂರಕ್ಕೆ ನೂರು ಸರಿ.

ಮೊಳಕಾಲ್ಮೂರು ಕಂಬಳಿ

ಬರ, ನೆರೆ ಎಲ್ಲ ಆಯಿತು, ಸಿಡಿಲು ಯಾರೂ ಹೇಳಲಿಲ್ಲ. ನಮ್ಮದು ಕುರಿ ಮನೆತನ. ನಮ್ಮ ದೊಡ್ಡಪ್ಪ ಚಿತ್ತೆ ಮಳೆಯ ಒಂದು ಸಂಜೆ ಬಯಲಿನಲ್ಲಿ ಜಾಲಿ ಮರದ ಕೆಳಗೆ ನಿಂತರು. ಅವರೂ ಹೋದರು, ಇಪ್ಪತ್ತಕ್ಕೂ ಹೆಚ್ಚು ಕುರಿಯೂ ಹೋದವು. ಕಂಬಳಿ ಮಾತ್ರ ಮನೆಗೆ ಬಂತು.

ಈಗ ‘ಸಿಡಿಲು’, ‘ದಾಮಿನಿ’ ಎಂಬ ಆ್ಯಪ್‌ಗಳಿವೆ. ಒಳ್ಳೆಯವೇ. ಆದರೆ ಕುರಿ ಮೇಯುವ ಕಾವಲಿನಲ್ಲಿ ನೆಟ್‌ವರ್ಕ್ ಇಲ್ಲ, ದೊಡ್ಡವರ ಹತ್ತಿರ ಬಟನ್ ಫೋನು. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿದ, ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ ನೆನಪಿದೆಯೇ? ನಮ್ಮ ರೊಪ್ಪದಲ್ಲಿ ಒಬ್ಬನ ಫೋನು ಕೂಗಿತು, ನಾಲ್ವರದು ಸುಮ್ಮನಿತ್ತು. ಹಾಗಾಗಿ ಮಕ್ಕಳಿಗೆ ಲೆಕ್ಕ ಕಲಿಸಿದ್ದೇನೆ: ಮಿಂಚು ಕಂಡೊಡನೆ ಎಣಿಸಲು ಶುರು ಮಾಡು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಹತ್ತು ಕಿಲೋಮೀಟರಿನೊಳಗಿದೆ, ಮರ ಬಿಡು, ಸೂರಿನ ಕಡೆ ನಡೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡ.

ತಾಂಡಾದ ಹುಡುಗ (ಜಗಳೂರು ಕಡೆ)

ಬಯಲಿನಲ್ಲಿ ಸೂರೇ ಇಲ್ಲದಿದ್ದರೆ?

ಮೊಳಕಾಲ್ಮೂರು ಕಂಬಳಿ

ಒಂಟಿ ಮರ, ಬೇಲಿ ತಂತಿ, ಗುಡ್ಡದ ನೆತ್ತಿ ಬಿಟ್ಟು ತಗ್ಗಿಗೆ ಇಳಿಯಬೇಕು. ಗುಂಪಾಗಿ ನಿಲ್ಲಬಾರದು. ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು. ಅದರಿಂದ ಅಪಾಯ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಅದಕ್ಕೇ ನನ್ನ ಬೇಡಿಕೆ: ಯೋಜನೆಯಲ್ಲಿ ಕುರಿ ಮೇಯುವ ಕಾವಲಿನಲ್ಲಿ ಸಿಡಿಲು ತಡೆ ಕಂಬಿ ಹಾಕಿದ ಒಂದು ಗಟ್ಟಿ ಸೂರು ಬರೆಸಿ. ಎಲ್ಲಿ ಕಟ್ಟಬೇಕು ಎಂದು ಕುರಿಗಾಹಿಗಳನ್ನು ಕೇಳಿ. ಮೇವಿನ ದಾರಿ ಅವರಿಗೆ ಗೊತ್ತು, ನಕ್ಷೆಗೆ ಗೊತ್ತಿಲ್ಲ.

ಬೆಣ್ಣೆನಗರಿ (ದಾವಣಗೆರೆ)

ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಮುಗಿದರೆ ಈ ನೀರಿನ ತಾಪತ್ರಯವೇ ಇರುವುದಿಲ್ಲ, ಅಲ್ಲವೇ?

ಕೋಟೆಯ ಕಲ್ಲು (ಚಿತ್ರದುರ್ಗ)

ಅದರ ಹೋರಾಟಕ್ಕೆ ನಾನು ಬೀದಿಗೆ ಇಳಿದವನು. ಮುಗಿಯಲೇಬೇಕು. ಮುಗಿದ ಮೇಲೂ ಕಾಲುವೆಯ ಕೊನೆಯ ಊರಿಗೆ ನೀರು ಬರುತ್ತದೆಯೇ ಎಂಬುದು...

ನಿರ್ವಾಹಕ

ಮೇಲ್ದಂಡೆಗೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ ಚಳ್ಳಕೆರೆ ಅಕ್ಕನ ಪ್ರಶ್ನೆಗೆ ಉತ್ತರ ಕೊಡೋಣ.

ಹಿರಿಯೂರು ತೆಂಗು

ಅಕ್ಕ, ನಿಮ್ಮ ಪಂಚಾಯಿತಿಯಲ್ಲಿ ಅಂತರ್ಜಲ ಉಳಿಸುವ ಕೇಂದ್ರದ ಅಟಲ್ ಭೂಜಲ ಯೋಜನೆ ಬಂದಿತ್ತೇ? ಚಿತ್ರದುರ್ಗ, ದಾವಣಗೆರೆ ಎರಡೂ ಆ ಪಟ್ಟಿಯಲ್ಲಿದ್ದವು. ಅದರಡಿ ಊರಿನ ನೀರಿನ ಆಯವ್ಯಯ ಬರೆಸುತ್ತಿದ್ದರು. ಇದ್ದರೆ ಆ ಕಡತ ತೆಗೆಸಿ. ಇಲ್ಲದಿದ್ದರೂ ಲೆಕ್ಕ ಸುಲಭ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸುಮಾರು ನಾಲ್ಕು ಸಾವಿರ ಲೀಟರ್. ಇಡೀ ಊರಿನ ಎಕರೆ, ವರ್ಷದ ಮಳೆ ಗುಣಿಸಿ. ಬರುವ ನೀರು ಕಡಿಮೆಯೇನಲ್ಲ ಎಂದು ಆಶ್ಚರ್ಯವಾಗುತ್ತದೆ. ಎಲ್ಲಿ ಹೋಗುತ್ತದೆ ಎಂದು ಆಮೇಲೆ ಕೇಳಿಕೊಳ್ಳಬಹುದು.

ಅಡಿಕೆ ತೋಟ (ಚನ್ನಗಿರಿ)

ಆ ಗುಣಾಕಾರ ಮೋಸ ಮಾಡುತ್ತದೆ. ಬಿದ್ದದ್ದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆ ಕುಡಿಯುತ್ತದೆ. ನೆಲದೊಳಗೆ ಇಳಿಯುವುದು ಸ್ವಲ್ಪ. ಕುಡಿಯುವ ನೀರಿಗೆ ಆ ಲೆಕ್ಕ ಹಿಡಿದರೆ ಮತ್ತೆ ಊರು ಹಸಿರೇ!

ಹಿರಿಯೂರು ತೆಂಗು

ಸರಿ, ಅವಸರದಲ್ಲಿ ಅರ್ಧ ಹೇಳಿದೆ. ಹಾಗಾದರೆ ಬೇಡಿಕೆಯ ಕಡೆಯಿಂದ ಬನ್ನಿ. ತಲೆಗೆ ದಿನಕ್ಕೆ 55 ಲೀಟರ್ ಎಂದು ಜಲ ಜೀವನ್ ಮಿಷನ್ ಹೇಳುತ್ತದೆ. ಜನ ಎಷ್ಟು?

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಹಟ್ಟಿ ಸೇರಿ 1,900. ದಿನಕ್ಕೆ 1,04,500 ಲೀಟರ್ ಆಯಿತು. ಐದು ಸಾವಿರ ಲೀಟರಿನ ಟ್ಯಾಂಕರಿಗೆ 21 ಸಲ. ನಮಗೆ ಬರುತ್ತಿದ್ದದ್ದು ಆರು.

ನಿನ್ನೆ ಇನ್ನೊಂದು ಸಂಗತಿ ತಿಳಿಯಿತು, ಅದನ್ನು ಹೇಳಲೆಂದೇ ಬಂದೆ. ನಮ್ಮ ವಾಟರ್‌ಮ್ಯಾನ್ ಹತ್ತಿರ ಒಂದು ಉದ್ದನೆಯ ಪುಸ್ತಕ ಇದೆ. ಮೋಟಾರು ಎಷ್ಟು ಗಂಟೆಗೆ ಹಾಕಿದೆ, ಮೇಲಿನ ಟ್ಯಾಂಕ್ ಎಷ್ಟು ಗಂಟೆಗೆ ತುಂಬಿತು ಎಂದು ದಿನಾ ಬರೆದಿದ್ದಾರೆ. ಕರೆಂಟು ಹೋದ ದಿನ ಪಕ್ಕದಲ್ಲಿ ಒಂದು ಗುಣಾಕಾರದ ಗುರುತು. ಯಾರೂ ಕೇಳಿದವರಲ್ಲ, ಸಂಬಳ ತಡವಾದರೂ ಬರೆದಿದ್ದಾರೆ. ನಾನು ಪುಟ ತಿರುವಿದೆ. 2023ರ ಅಕ್ಟೋಬರ್‌ನಲ್ಲಿ ಟ್ಯಾಂಕ್ ಐದು ಗಂಟೆಯಲ್ಲಿ ತುಂಬುತ್ತಿತ್ತು. ಜನವರಿಯಲ್ಲಿ ಏಳು. ಮಾರ್ಚ್‌ನಲ್ಲಿ ಹನ್ನೊಂದು. ಏಪ್ರಿಲ್ ಕೊನೆಗೆ ತುಂಬಲೇ ಇಲ್ಲ. ಮೂರು ತಿಂಗಳು ಮೊದಲೇ ಆ ಪುಸ್ತಕ ಹೇಳುತ್ತಿತ್ತು, ನಾವು ಅದನ್ನು ತೆರೆಯಲಿಲ್ಲ. ಅವರನ್ನು ಕೇಳಿದೆ, ಏಕೆ ಹೇಳಲಿಲ್ಲ ಎಂದು. ‘ಜನವರಿಯಲ್ಲೇ ಹೇಳಿದೆನಲ್ಲ ತಾಯಿ, ನೀರು ಇಳಿಯುತ್ತಿದೆ ಎಂದು. ಬೇಸಿಗೆ ಬರಲಿ ನೋಡೋಣ ಎಂದಿರಿ’ ಎಂದರು. ಹೌದು, ನಾನೇ ಅಂದಿದ್ದೆ.

ನಕ್ಷೆಗಾರ (ದಾವಣಗೆರೆ)

ಅಕ್ಕ, ಆ ಪುಸ್ತಕದ ಪ್ರತಿ ಪುಟದ ಫೋಟೊ ಇವತ್ತೇ ತೆಗೆಸಿಡಿ. ಅದಕ್ಕಿಂತ ಒಳ್ಳೆಯ ದತ್ತಾಂಶ ಆ ಸಂಸ್ಥೆಯವರ ಹತ್ತಿರ ಇರಲು ಸಾಧ್ಯವಿಲ್ಲ. ಅಂತರ್ಜಲ ಇಲಾಖೆಯ ಅಳತೆ ಬಾವಿ ನಿಮ್ಮ ಊರಿನಲ್ಲೇ ಇರಬೇಕೆಂದಿಲ್ಲ. ಟ್ಯಾಂಕ್ ತುಂಬುವ ಗಂಟೆ ನಿಮ್ಮದೇ ಬಾವಿಗಳ ನಾಡಿ.

ಈಗ ಹೊನ್ನಾಳಿ ಅಕ್ಕನ ಗೆರೆಯನ್ನು ಇದಕ್ಕೆ ಹಾಕಿ. ಏಳು ಗಂಟೆ ದಾಟಿದರೆ ಏನು? ಒಂಬತ್ತು ದಾಟಿದರೆ ಏನು? ಯಾರು, ಯಾವ ದಿನದೊಳಗೆ?

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಏಳು ದಾಟಿದರೆ ಖಾಸಗಿ ಕೊಳವೆ ಬಾವಿಯವರ ಹತ್ತಿರ ಬಾಡಿಗೆ ಕರಾರು, ಅದು ಪಿಡಿಒ ಮತ್ತು ನಾನು. ಒಂಬತ್ತು ದಾಟಿದರೆ ತಹಸೀಲ್ದಾರರಿಗೆ ಟ್ಯಾಂಕರಿನ ಮನವಿ, ದನಗಳಿಗೆ ಗೋಕಟ್ಟೆ ತುಂಬಿಸುವುದು. ಟ್ಯಾಂಕರ್ ಮೊದಲು ಹಟ್ಟಿಗೆ, ಆಮೇಲೆ ಊರಿಗೆ, ರಾತ್ರಿ ಒಂಬತ್ತರ ಮೇಲೆ ಬೇಡ. ಸರಿಯೇ?

ತಾಂಡಾದ ಹುಡುಗ (ಜಗಳೂರು ಕಡೆ)

ಹಟ್ಟಿ ಮೊದಲು ಎಂಬುದನ್ನು ಗ್ರಾಮ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಅಕ್ಕ. ಹೇಳಿದರೆ ಸಾಲದು.

ನಿವೃತ್ತ ಗುಮಾಸ್ತ (ಜಗಳೂರು)

ನಕ್ಷೆಯ ವಿಷಯದಲ್ಲಿ ಠರಾವು ಹೀಗಿರಲಿ, ನಕಲು ಮಾಡಿಕೊಳ್ಳಿ: ‘ಸದರಿ ನಕ್ಷೆಯಲ್ಲಿ ಕೊಳವೆ ಬಾವಿಗಳ ಸಂಖ್ಯೆಯ ಬದಲು ಏಪ್ರಿಲ್ ತಿಂಗಳಿನಲ್ಲಿ ನೀರು ಕೊಡುವ ಬಾವಿಗಳ ಸಂಖ್ಯೆಯನ್ನು, ಕೆರೆಯ ದೂರದ ಬದಲು ಕೆರೆಯಲ್ಲಿ ನೀರಿರುವ ತಿಂಗಳುಗಳನ್ನು ಪರಿಗಣಿಸಿ, ಗೊಲ್ಲರಹಟ್ಟಿಯನ್ನು ಪ್ರತ್ಯೇಕವಾಗಿ ತೋರಿಸಿ, ಮರು ತಯಾರಿಸಿ ಮುಂದಿನ ಸಭೆಗೆ ಮಂಡಿಸತಕ್ಕದ್ದು.’ ತಿರಸ್ಕಾರ ಎಂಬ ಪದ ಬಳಸಬೇಡಿ. ತಿರಸ್ಕಾರವೆಂದರೆ ಕಡತ ಮುಚ್ಚುತ್ತಾರೆ, ಮರು ತಯಾರಿ ಎಂದರೆ ಅವರು ಮತ್ತೆ ಬರಲೇಬೇಕು.

ಕೋಟೆಯ ಕಲ್ಲು (ಚಿತ್ರದುರ್ಗ)

ಹರಿದು ಹಾಕಿ ಎಂದ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಗುಮಾಸ್ತರ ಠರಾವೇ ಸರಿ. ಜೊತೆಗೆ ಕೆರೆ ಹೂಳಿನ ಸಾಲೊಂದು ಸೇರಿಸಿ, ಅಷ್ಟು ನನಗಾಗಿ.

ಶೇಂಗಾಹೊಲ (ಚಳ್ಳಕೆರೆ ತಾಲ್ಲೂಕು)

ಸೇರಿಸುತ್ತೇನೆ ಅಣ್ಣ. ಸಭೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ವಾಟರ್‌ಮ್ಯಾನ್ ಅವರನ್ನು ಪುಸ್ತಕದ ಸಮೇತ ವೇದಿಕೆಯ ಮೇಲೆ ಕೂರಿಸುತ್ತೇನೆ. ಟ್ಯಾಂಕಿನ ಕಂಬದ ಮೇಲೆ ಗಂಟೆಗಳ ಪಟ್ಟಿ ಬರೆಸಬೇಕೆಂದಿದ್ದೇನೆ, ಐದು ಬಿಳಿ, ಏಳು ಹಳದಿ, ಒಂಬತ್ತು ಕೆಂಪು. ಹೊನ್ನಾಳಿ ಅಕ್ಕ, ನಿಮ್ಮ ಗೋಡೆಗೆ ಯಾವ ಬಣ್ಣ ಹಚ್ಚಿದಿರಿ? ಬಿಸಿಲಿಗೆ ಮಾಸಬಾರದು.

ಹೊಳೆದಂಡೆ (ಹೊನ್ನಾಳಿ)

ಆಯಿಲ್ ಪೇಂಟ್. ಮೊದಲು ಗೋಡೆ ಉಜ್ಜಿ ತೊಳೆಯಿರಿ, ಒಣಗಲು ಒಂದು ದಿನ ಬಿಡಿ, ಎರಡು ಕೋಟ್ ಹಾಕಿ. ನಮ್ಮಲ್ಲಿ ಕೆಂಪು ಅರ್ಧ ಡಬ್ಬ ಉಳಿದಿದೆ. ನಮ್ಮ ತಮ್ಮ ಸೋಮವಾರ ದುರ್ಗಕ್ಕೆ ಬರುತ್ತಾನೆ, ಕೊಟ್ಟು ಕಳುಹಿಸುತ್ತೇನೆ.